ಅಂಬಿಗನ ತಂಗಿ ಅಂಟಿಸಿದ ಚೀಟಿ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಮೊಳೆಯಕ್ಕ ಅನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಅಚ್ಚುಮೊಳೆ ಜೋಡಿಸುವುದು ಅವಳ ಕೆಲಸ. ಮಾತೂ ಮೊಳೆ ಹೊಡೆದಂತೆಯೇ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಳಬರು, "ಸೀಸ ಮುಟ್ಟಿದ ಕೈ ಬಾಯಿಗೆ ಹಾಕಬೇಡಿ, ಮೊಳೆಯಕ್ಕನ ಬಾಯಿಗೆ ನೀವು ಬೀಳಬೇಡಿ, ಎರಡೂ ವಿಷ," ಎಂದು ಮೊದಲ ದಿನವೇ ಬುದ್ಧಿ ಹೇಳುತ್ತಿದ್ದರು.

ಅದು ಸಂಜೆ ಹೊರಡುವ ಪತ್ರಿಕೆಯೊಂದರ ಅಚ್ಚುಕೂಟ. ಉದ್ದನೆಯ ಕೋಣೆ, ಎತ್ತರದಲ್ಲಿ ಧೂಳು ಹಿಡಿದ ಕಿಟಕಿಗಳು. ಗೋಡೆಯುದ್ದಕ್ಕೂ ಇಳಿಜಾರಾಗಿ ನಿಲ್ಲಿಸಿದ ಮರದ ಅರೆಪೆಟ್ಟಿಗೆಗಳು. ಒಂದೊಂದರಲ್ಲೂ ನೂರಾರು ಗೂಡು. ಕ ಒಂದು ಗೂಡಿನಲ್ಲಿ, ಕಿ ಇನ್ನೊಂದರಲ್ಲಿ, ಒತ್ತುಗಳು ಕೆಳಗಿನ ಸಾಲಿನಲ್ಲಿ, ಕೊಂಬು ದೀರ್ಘಗಳು ಬಲಗೈ ಪಕ್ಕ. ನಿಂತೇ ಕೆಲಸ. ಎಡಗೈಯಲ್ಲಿ ಹಿಡಿದ ಕಬ್ಬಿಣದ ಪುಟ್ಟ ತಟ್ಟೆಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ತಲೆಕೆಳಗಾಗಿ ಕೂರಿಸುತ್ತ ಸಾಲು ಕಟ್ಟಬೇಕು. ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಕಾಣುವ ಆ ಸಾಲುಗಳನ್ನು ಮೊಳೆಯಕ್ಕ ನೇರ ಬರಹಕ್ಕಿಂತ ಬೇಗ ಓದುತ್ತಿದ್ದಳು. ಅಲ್ಲಿದ್ದ ಆರು ಜನ ಜೋಡಣೆಗಾರರಲ್ಲಿ ಹೆಂಗಸು ಅವಳೊಬ್ಬಳೇ. ಚುರುಕಿನಲ್ಲಿ ಉಳಿದ ಐವರೂ ಅವಳ ಹಿಂದೆ.

ಅವಳನ್ನು ಓದಿಸಿದವನು ಅಣ್ಣ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಗೆ ಅವನೇ ತಾಯಿ, ಅವನೇ ತಂದೆ. ನದಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಅವನಿಗೆ ಒಂದಕ್ಷರವೂ ಬಾರದು. ಆದರೆ ದಿನಾ ಸಂಜೆ ಪತ್ರಿಕೆ ಕೊಂಡು ತಂದು, ಹಾಸಿಗೆಯ ಮೇಲೆ ಹರಡಿ, ಬೆರಳಿನಿಂದ ಮುಟ್ಟಿ ನೋಡುತ್ತಿದ್ದ.

"ಇದರಲ್ಲಿ ನೀನು ಮಾಡಿದ್ದು ಯಾವುದು ತಂಗಿ?"

"ಇಲ್ಲಿಂದ ಇಲ್ಲೀವರೆಗೆ."

"ನೋಡು, ನಾನು ಬಾಯಲ್ಲಿ ಹೇಳಿದ್ದು ದೋಣಿ ಆಚೆ ದಡ ಸೇರೋದ್ರೊಳಗೆ ಮರೆತುಹೋಗುತ್ತೆ. ನೀನು ಕೂರಿಸಿದ್ದು ಊರಿಗೆಲ್ಲ ಗೊತ್ತಾಗುತ್ತೆ," ಎಂದು ಹೆಮ್ಮೆಪಡುತ್ತಿದ್ದ. ಕುಡಿತದ ವಾಸನೆಗೇ ವಾಂತಿ ಮಾಡಿಕೊಳ್ಳುವ ಮನುಷ್ಯ ಅವನು. ಜೊತೆಯ ಅಂಬಿಗರು ಅದಕ್ಕೇ ಅವನನ್ನು 'ಹಾಲುಗಲ್ಲ' ಎಂದು ಗೇಲಿ ಮಾಡುತ್ತಿದ್ದರು.

ಆ ದೋಣಿ ಅಣ್ಣನದಲ್ಲ, ಕಡವಿನ ಗುತ್ತಿಗೆ ಹಿಡಿದವನದು. ತಳಹಲಗೆ ಕೊಳೆತು ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಅಣ್ಣ ಹೇಳಿದಂತೆ ಮೊಳೆಯಕ್ಕನೇ ಕೈಬರಹದಲ್ಲಿ ಮೂರು ಸಲ ಅರ್ಜಿ ಬರೆದುಕೊಟ್ಟಿದ್ದಳು. ಗುತ್ತಿಗೆದಾರ ಮೂರನ್ನೂ ತೆಗೆದುಕೊಂಡು, "ಈ ಸಲ ನೀರು ಇಳೀಲಿ, ನೋಡೋಣ," ಅಂದಿದ್ದ.

ನೀರು ಇಳಿಯುವ ಮೊದಲೇ, ಅವಳಿಗೆ ಇಪ್ಪತ್ತೆರಡು ತುಂಬಿದ ವರ್ಷ, ಒಂದು ಬೆಳಗ್ಗೆ ನಡುನೀರಿನಲ್ಲಿ ತಳಹಲಗೆ ಬಾಯ್ಬಿಟ್ಟಿತು. ದೋಣಿಯಲ್ಲಿ ಅಣ್ಣನಲ್ಲದೆ ಹದಿನೈದು ಜನ. ಅಣ್ಣ ನಾಲ್ಕು ಜನರನ್ನು ಒಬ್ಬೊಬ್ಬರಾಗಿ ದಡಕ್ಕೆ ಎಳೆದು ತಂದು, ಐದನೆಯವರಿಗಾಗಿ ಹೋದವನು ತಲೆಗೆ ಪೆಟ್ಟು ಬಿದ್ದು ತಾನೇ ಪ್ರಜ್ಞೆ ತಪ್ಪಿದ. ಯಾರೋ ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಹನ್ನೊಂದು ಜನ ಸತ್ತರು.

ಅಚ್ಚುಕೂಟದಲ್ಲಿದ್ದ ತಂಗಿಗೆ ಇದು ಯಾವುದೂ ಗೊತ್ತಿಲ್ಲ. ಯಂತ್ರಗಳ ಗದ್ದಲದಲ್ಲಿ ಹೊರಗಿನ ಸುದ್ದಿ ಕಾಗದದ ಮೇಲೆ ಬಂದರೆ ಮಾತ್ರ ಬಂದಂತೆ. ಹನ್ನೊಂದು ಗಂಟೆಗೆ ಮೇಲಿಂದ ಮುಖ್ಯ ಸುದ್ದಿ ಇಳಿಯಿತು. ತುರ್ತಿನ ಸುದ್ದಿಯನ್ನು ಕತ್ತರಿಯಿಂದ ಚೂರು ಮಾಡಿ ಆರು ಜನಕ್ಕೂ ಹಂಚುವುದು ಅಲ್ಲಿನ ರೂಢಿ. ಮೊಳೆಯಕ್ಕನ ಪಾಲಿಗೆ ಬಂದ ಚೂರು ವಾಕ್ಯದ ನಡುವಿನಿಂದ ಶುರುವಾಗುತ್ತಿತ್ತು: 'ಕಂಠಪೂರ್ತಿ ಕುಡಿದು ಬಂದಿದ್ದನೆಂದೂ, ಅವನ ಈ ಸ್ಥಿತಿಯೇ ಹನ್ನೊಂದು ಸಾವುಗಳಿಗೆ ಏಕೈಕ ಕಾರಣವೆಂದೂ ವಿಶ್ವಸನೀಯ ಮೂಲಗಳಿಂದ ತಿಳಿದುಬಂದಿದೆ...'

ಯಾವನೋ ಲಾರಿ ಚಾಲಕ ಇರಬೇಕು ಅಂದುಕೊಂಡಳು. "ಇಂಥವನ ಕೈ ಮುರಿಯಾ," ಎಂದು ಬಾಯಿಬಿಟ್ಟು ಶಪಿಸಿದಳು ಕೂಡ. ಏಳು ಸಾಲು. ಒಂದೂ ತಪ್ಪಿಲ್ಲದೆ, ಎಲ್ಲರಿಗಿಂತ ಮೊದಲು ಮುಗಿಸಿದಳು.

ಆರೂ ಚೂರುಗಳನ್ನು ಒಟ್ಟುಗೂಡಿಸಿ ಕಟ್ಟಿದಾಗ ಅವಳು ಪೂರ್ತಿ ಸುದ್ದಿ ಓದಿದಳು, ತಿರುವುಮುರುವಾಗಿಯೇ. ಮೊದಲ ಸಾಲಿನಲ್ಲಿ ಕಡವಿನ ಹೆಸರಿತ್ತು. ಎರಡನೆಯದರಲ್ಲಿ ಅಣ್ಣನ ಹೆಸರು.

ಮಸಿಗೈಯಲ್ಲೇ ಮೆಟ್ಟಿಲು ಹತ್ತಿ ಸಂಪಾದಕರ ಕೋಣೆಗೆ ನುಗ್ಗಿದಳು.

"ಸಾರ್, ನಮ್ಮಣ್ಣ ಕುಡಿಯೋನಲ್ಲ. ದೋಣಿ ಕೊಳೆತಿತ್ತು. ಮೂರು ಅರ್ಜಿ ಕೊಟ್ಟಿದ್ದೀವಿ. ಬರೆದವಳು ನಾನೇ."

"ಅರ್ಜಿಯ ಪ್ರತಿ ಇದೆಯೇನಮ್ಮ?"

"ಕೈಯಲ್ಲಿ ಬರೆದದ್ದು ಸಾರ್, ಪ್ರತಿ ಎಲ್ಲಿಂದ ಬರುತ್ತೆ?"

"ಮತ್ತೆ? ಕಡವಿನ ಗುತ್ತಿಗೆದಾರರು ಖುದ್ದು ಬಂದು ಹೇಳಿದ್ದಾರೆ. ದೊಡ್ಡ ಮನುಷ್ಯರು. ನಮ್ಮ ಮೊದಲ ಪುಟದ ಜಾಹೀರಾತು ಅವರದೇ, ಅದು ಬೇರೆ ಮಾತು. ನಿನ್ನ ದುಃಖ ನನಗೆ ಅರ್ಥವಾಗುತ್ತೆ. ಹೋಗು, ಅಣ್ಣನನ್ನ ನೋಡಿಕೋ."

"ಆ ಏಳು ಸಾಲು ತೆಗೆಸಿ ಸಾರ್. ನಾನೇ ಕೆಳಗೆ ಹೋಗಿ ತೆಗೀತೀನಿ. ಎರಡು ನಿಮಿಷದ ಕೆಲಸ."

"ಪುಟ ಯಂತ್ರಕ್ಕೆ ಹೋಯಿತು," ಅಂದರು ಅವರು.

ಹೋಗಿರಲಿಲ್ಲ. ಅವರು ಹಾಗಂದ ಮೇಲೆ ಐದು ನಿಮಿಷಕ್ಕೆ ಯಂತ್ರ ಶುರುವಾದ ಸದ್ದು ಕೇಳಿಸಿತು. ಆ ಐದು ನಿಮಿಷವನ್ನು ಅವಳು ಬದುಕಿರುವಷ್ಟು ದಿನ ಕ್ಷಮಿಸಲಿಲ್ಲ.

ಅಣ್ಣ ಬದುಕಿದ. ಬದುಕಿದ ಅಂದರೆ ಉಸಿರಾಡಿದ, ಅಷ್ಟೇ. ಕಡವಿನ ಕೆಲಸ ಹೋಯಿತು. ಬೀದಿಗೆ ಬಂದರೆ ಜನ ದಾರಿ ಬಿಟ್ಟು ನಿಂತು ಉಗುಳುತ್ತಿದ್ದರು. ಕೈಬಿಡದೆ ಮಾತಾಡಿಸುತ್ತಿದ್ದ ಗೆಳೆಯರೂ, "ಬೆಂಕಿ ಇಲ್ಲದೆ ಹೊಗೆಯಾಡುತ್ತಾ? ಪೇಪರಿನವರಿಗೆ ಇವನ ಮೇಲೆ ಏನು ಹಗೆ?" ಎಂದು ಒಬ್ಬೊಬ್ಬರಾಗಿ ದೂರವಾದರು. ಅವನು ದಡಕ್ಕೆ ತಂದ ನಾಲ್ಕು ಜನ ಅವನ ಪರ ಸಾಕ್ಷಿ ಹೇಳಿದರು, ಬಾಯಲ್ಲಿ. ಬಾಯಿಮಾತನ್ನು ಗಾಳಿ ಹೊತ್ತುಕೊಂಡು ಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು, ಈದದ್ದು ಪತ್ರಿಕೆಯಲ್ಲಿ ಬಂದರೆ ಹಾಲು ಕರೆಯಲಿಕ್ಕೂ ಕೂರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಮನೆಯೊಳಗೇ ನಡೆಯಿತು. ಐದಾರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಣ್ಣ ಆ ಹಳೆಯ ಪತ್ರಿಕೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದ.

"ತಂಗಿ, ನಾನು ಅವತ್ತು ಕುಡಿದಿದ್ದೆನೇನೋ."

ಅವಳು ಒಲೆಯ ಮುಂದಿನಿಂದ ಎದ್ದಳು. "ಏನಂದೆ?"

"ಅಲ್ಲ, ತಲೆಗೆ ಪೆಟ್ಟು ಬಿದ್ದಿತ್ತಲ್ಲ. ಮರೆತಿರಬೇಕು. ಇಲ್ಲದಿದ್ರೆ ಇಷ್ಟು ಸ್ಪಷ್ಟವಾಗಿ ಅಚ್ಚಾಗುತ್ತಾ? ಓದಿದವರು ಬರೆದದ್ದು. ಓದಿದವಳು ನೀನು, ನೀನೂ ಜೋಡಿಸಿದೀಯ."

ಅವಳು ಪತ್ರಿಕೆಯನ್ನು ಕಿತ್ತುಕೊಂಡು ಹರಿದು ಒಲೆಗೆ ಹಾಕಿದಳು. ಅಣ್ಣ ತಡೆಯಲಿಲ್ಲ. "ಊರಲ್ಲಿ ಇನ್ನೂ ನಾಲ್ಕು ಸಾವಿರ ಇದಾವಲ್ಲ," ಅಂದ, ಅಷ್ಟೇ.

ವಿಚಾರಣೆ ಎರಡು ವರ್ಷ ನಡೆಯಿತು. ಅಧಿಕಾರಿ ಪ್ರಾಮಾಣಿಕ ಮನುಷ್ಯ. ಹೊಳೆಯಿಂದ ದೋಣಿಯನ್ನು ಎತ್ತಿಸಿ ತಳಹಲಗೆ ನೋಡಿದರು. ಆ ದಿನ ಅಣ್ಣನನ್ನು ಪರೀಕ್ಷಿಸಿದ ಆಸ್ಪತ್ರೆಯ ವೈದ್ಯೆಯನ್ನು ಕರೆಸಿ ಕೇಳಿದರು. ಕುಡಿತದ ಸುಳಿವೂ ಇರಲಿಲ್ಲವೆಂದು ಆಕೆ ಬರೆದುಕೊಟ್ಟರು. ಅಂಬಿಗ ನಿರ್ದೋಷಿ, ತಪ್ಪು ಗುತ್ತಿಗೆದಾರನದು ಎಂದು ಅಧಿಕಾರಿ ನಲವತ್ತು ಪುಟದ ವರದಿ ಕೊಟ್ಟರು. ವರದಿ ಕಚೇರಿಯ ಕಪಾಟು ಸೇರಿತು. ಪತ್ರಿಕೆಯಲ್ಲಿ ಅದರ ಬಗ್ಗೆ ಬಂದದ್ದು ಆರನೇ ಪುಟದಲ್ಲಿ, ಹರಾಜಿನ ಪ್ರಕಟಣೆಯ ಕೆಳಗೆ ನಾಲ್ಕು ಸಾಲು: 'ದೋಣಿ ಅವಘಡದ ವಿಚಾರಣಾ ವರದಿ ಸಲ್ಲಿಸಲಾಗಿದೆ.' ಆ ನಾಲ್ಕು ಸಾಲನ್ನು ಜೋಡಿಸಲು ಅವಳಿಗೇ ಕೊಟ್ಟರು. ಜೋಡಿಸಿದಳು. ಹೊಟ್ಟೆಪಾಡು. ಆದರೆ ಮರುದಿನವೇ ಕಚೇರಿಗೆ ಹೋಗಿ ಅರ್ಜಿ ಹಾಕಿ, ಗುಮಾಸ್ತರ ಬೆನ್ನು ಬಿದ್ದು ಹನ್ನೊಂದು ಸಲ ಅಲೆದು, ವರದಿಯ ಕೊನೆಯ ಎರಡು ಪುಟಗಳ ಮೊಹರು ಹಾಕಿದ ನಕಲು ತಂದು ಟ್ರಂಕಿನಲ್ಲಿಟ್ಟಳು.

ಅಣ್ಣನಿಗೆ ಓದಿ ಹೇಳಿದಳು. ಅವನು ಕೇಳಿಸಿಕೊಂಡು, "ಇದು ಅಚ್ಚಾಗಿದೆಯಾ?" ಎಂದು ಕೇಳಿದ.

"ಇಲ್ಲ, ಟೈಪ್ ಮಾಡಿದ್ದು."

"ಹಾಗಾ," ಅಂದು ಗೋಡೆಯ ಕಡೆ ತಿರುಗಿ ಮಲಗಿದ. ಅಪಘಾತದ ಒಂಬತ್ತನೇ ವರ್ಷ ತೀರಿಕೊಂಡ.

ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಅನ್ನುವ ಗಾದೆ ಯಾರಾದರೂ ಹೇಳಿದರೆ ಮೊಳೆಯಕ್ಕನ ಸಿಟ್ಟು ನೆತ್ತಿಗೇರುತ್ತಿತ್ತು. "ಆ ಗಾದೆ ಕಟ್ಟಿದವನನ್ನ ಒಂದು ದಿನ ಅಚ್ಚುಕೂಟಕ್ಕೆ ಕರ್ಕೊಂಡು ಬನ್ನಿ. ಸುಳ್ಳು ಹೇಗೆ ಗರಿಗರಿಯಾಗಿ ಮಡಚಿಕೊಂಡು ಸೈಕಲ್ ಮೇಲೆ ಮನೆಮನೆಗೆ ಹೋಗುತ್ತೆ ತೋರಿಸ್ತೀನಿ," ಅನ್ನುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ, 'ಆ ಕುಡುಕನ ತಂಗಿಯಾ?' ಎಂಬ ಪ್ರಶ್ನೆಯೂ ಬರುತ್ತಿತ್ತು. ಎರಡು ಸಲ ಕೇಳಿಸಿಕೊಂಡಳು. ಮೂರನೆಯ ಸಲ ಬಂದವರಿಗೆ ಬಾಗಿಲು ತೋರಿಸಿದಳು.

ಕಾಲ ಸರಿಯಿತು. ಸೀಸದ ಅಕ್ಷರಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು, ಕಂಪ್ಯೂಟರುಗಳು ಬಂದವು. ಕೈ ಇನ್ನೂ ಗಟ್ಟಿಯಿದ್ದಾಗಲೇ ಅವಳನ್ನು ಮನೆಗೆ ಕಳಿಸಿದರು. ಆಮೇಲೆ ಹತ್ತು ವರ್ಷ ಒಂದು ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿದಳು. ಅರವತ್ತಾದಾಗ ಅದನ್ನೂ ಬಿಟ್ಟು, ದಿನಾ ಬೆಳಗ್ಗೆ ಊರಿನ ವಾಚನಾಲಯಕ್ಕೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಳು. ಅಲ್ಲಿ ಒಂದು ದಿನ ಹೊಸ ಪುಸ್ತಕ ಕಂಡಿತು. ಪತ್ರಿಕೆಗೆ ಎಪ್ಪತ್ತೈದು ತುಂಬಿದ ನೆನಪಿಗೆ ತಂದ ಊರಿನ ಇತಿಹಾಸ. ದಪ್ಪ ರಟ್ಟು, ನುಣುಪು ಕಾಗದ. ಹಾಳೆ ತಿರುವುತ್ತ ಇನ್ನೂರ ಹನ್ನೆರಡನೇ ಪುಟಕ್ಕೆ ಬಂದಳು.

ಆ ಸಂಜೆಯ ಪತ್ರಿಕೆಯ ಚಿತ್ರ. ಅವಳ ಏಳು ಸಾಲೂ ಅದರಲ್ಲಿ ಓದುವಷ್ಟು ಸ್ಪಷ್ಟ. ಕೆಳಗೆ ದಪ್ಪಕ್ಷರದಲ್ಲಿ, 'ಕುಡುಕ ಅಂಬಿಗ ತಂದ ದುರಂತ.'

ಮೂವತ್ತೆಂಟು ವರ್ಷ! ಅಣ್ಣ ಮಣ್ಣಾಗಿದ್ದ, ಸಂಪಾದಕರು ಮಣ್ಣಾಗಿದ್ದರು, ಆ ಸುದ್ದಿ ಮಾತ್ರ ಹೊಸ ಅಂಗಿ ತೊಟ್ಟು ಮತ್ತೆ ಬೀದಿಗೆ ಬಂದಿತ್ತು. ವಾಚನಾಲಯದಲ್ಲಿ ಮೌನವಾಗಿರಿ ಎಂದು ಬರೆದ ಫಲಕದ ಕೆಳಗೆ ಅವಳು ಬಾಯಿಗೆ ಬಂದಂತೆ ಬೈದಳು. ಓದುತ್ತಿದ್ದವರೆಲ್ಲ ತಲೆಯೆತ್ತಿದರು.

ಪುಸ್ತಕ ಬರೆದವರು ಕಾಲೇಜಿನ ಇತಿಹಾಸದ ಮೇಷ್ಟ್ರು. ಅದೇ ದಿನ ಮೊಹರಿನ ನಕಲು ಹಿಡಿದು ಅವರ ಮನೆಗೆ ಹೋದಳು. ಕೂರಿಸಿದರು, ನೀರು ಕೊಟ್ಟರು, ಕಾಗದ ಓದಿದರು. ಕನ್ನಡಕ ತೆಗೆದು ಒರೆಸಿದರು.

"ನೋಡೀಮ್ಮ, ನಾನು ಆಧಾರ ಇಲ್ಲದೆ ಒಂದು ವಾಕ್ಯ ಬರೆಯೋನಲ್ಲ. ಇದಕ್ಕೆ ಆಧಾರ ಇದೆ. ಅಂದಿನ ಪತ್ರಿಕೆಯಲ್ಲೇ ಬಂದಿದೆ."

"ಆ ಆಧಾರ ಜೋಡಿಸಿದವಳು ನಾನು, ಸ್ವಾಮಿ! ಈ ಕೈಯಲ್ಲಿ! ನನಗಿಂತ ದೊಡ್ಡ ಆಧಾರ ಬೇಕಾ ನಿಮಗೆ?"

"ಅದು ಹಾಗಲ್ಲ..."

"ಮತ್ತೆ ಹೇಗೆ? ನೀವು ಪೇಪರು ನೋಡಿ ಬರೆದಿರಿ. ನಾಳೆ ಇನ್ನೊಬ್ಬ ನಿಮ್ಮನ್ನ ನೋಡಿ ಬರೀತಾನೆ. ಅವನ ಕೇಳಿದ್ರೆ ನಿಮ್ಮ ಕಡೆ ಬೆರಳು ತೋರಿಸ್ತಾನೆ. ಕುರುಡನ ಹೆಗಲ ಮೇಲೆ ಕುರುಡ ಕೈಯಿಟ್ಟು ಹೋದ ಹಾಗೆ. ಎಲ್ಲರ ಮುಂದೆ ನಡೀತಾ ಇರೋನು ಯಾರು ಗೊತ್ತಾ? ಆ ಗುತ್ತಿಗೆದಾರ!"

ಮೇಷ್ಟ್ರು ಕೆಟ್ಟವರಲ್ಲ. ಮುಖ ಕೆಂಪಾಯಿತು. "ಮುಂದಿನ ಮುದ್ರಣದಲ್ಲಿ ಸರಿಪಡಿಸೋಣ," ಅಂದರು.

"ಅದು ಯಾವಾಗ?"

"ಈಗಿನ ಪ್ರತಿಗಳು ಖರ್ಚಾದ ಮೇಲೆ."

"ಅಂದ್ರೆ ಸುಳ್ಳು ಪೂರ್ತಿ ಮಾರಾಟ ಆದ ಮೇಲೆ ನಿಜ ಹೇಳ್ತೀರಿ," ಎಂದು ಎದ್ದಳು. ನೀರಿನ ಲೋಟ ಮುಟ್ಟಲಿಲ್ಲ.

ಹಳೆಯ ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತಿದ್ದವನನ್ನು ಎಲ್ಲರೂ ಮಸಿಮಾವ ಅನ್ನುತ್ತಿದ್ದರು. ಕಾಲಲ್ಲಿ ತುಳಿದು ನಡೆಸುವ ಒಂದು ಸಣ್ಣ ಅಚ್ಚುಯಂತ್ರವನ್ನೂ ಅರ್ಧ ಪೆಟ್ಟಿಗೆ ಸೀಸದ ಅಕ್ಷರಗಳನ್ನೂ ಅವನು ಗುಜರಿಯಿಂದ ಉಳಿಸಿ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡು, ರಸೀದಿ ಪುಸ್ತಕ ಅಚ್ಚು ಹಾಕುತ್ತಿದ್ದ. ಮೊಳೆಯಕ್ಕ ಹೇಳಿದ್ದನ್ನೆಲ್ಲ ಕೇಳಿ, "ಪುಸ್ತಕಕ್ಕೆ ಅಂಟಿಸೋ ಚೀಟಿ ತಾನೆ? ಕಂಪ್ಯೂಟರಲ್ಲಿ ಹತ್ತು ನಿಮಿಷಕ್ಕೆ ಆಗುತ್ತೆ, ಈ ಮುದಿ ಯಂತ್ರ ಯಾಕೆ?" ಅಂದ.

"ಸುಳ್ಳು ಜೋಡಿಸಿದ್ದು ಈ ಕೈ. ನಿಜಾನೂ ಇದೇ ಜೋಡಿಸಬೇಕು. ಅಕ್ಷರ ಎಲ್ಲಿದಾವೆ, ತೋರಿಸು."

ಅಕ್ಷರಗಳು ಸಾಲಲಿಲ್ಲ. 'ಳ್ಳು' ಇದ್ದದ್ದು ಒಂದೇ, ಅವಳಿಗೆ ಬೇಕಿದ್ದದ್ದು ಮೂರು. "ನಿನ್ನ ಹತ್ತಿರ ಸುಳ್ಳಿಗೇ ಬರ ಬಂದಿದೆಯಲ್ಲೋ ಮಾವ!" ಎಂದು ಅಷ್ಟು ಸಿಟ್ಟಿನಲ್ಲೂ ನಕ್ಕಳು. ಕೊನೆಗೆ ಬೇರೆ ಪೆಟ್ಟಿಗೆಯಿಂದ ದಪ್ಪ ಅಕ್ಷರದವು ಎರಡು ಸಿಕ್ಕವು. ಹಾಗಾಗಿ ಚೀಟಿಯಲ್ಲಿ ಆ ಪದ ಎರಡು ಕಡೆ ಎದ್ದು ಕಾಣುತ್ತಿತ್ತು.

ಚೀಟಿ ಹೀಗಿತ್ತು: 'ಈ ಪುಟದಲ್ಲಿ ಅಂಬಿಗನು ಕುಡಿದಿದ್ದನೆಂದು ಇದೆ. ಅದು ಸುಳ್ಳು. ಅವನು ಕುಡಿದಿರಲಿಲ್ಲವೆಂದು ಅಂದೇ ಪರೀಕ್ಷಿಸಿದ ವೈದ್ಯರೂ, ದೋಣಿಯ ತಳಹಲಗೆ ಕೊಳೆತಿತ್ತೆಂದು ವಿಚಾರಣಾಧಿಕಾರಿಯೂ ಬರೆದಿದ್ದಾರೆ. ಆ ವರದಿ ಅಚ್ಚಾಗಲಿಲ್ಲ, ಸುಳ್ಳು ಅಚ್ಚಾಯಿತು. ಆ ಏಳು ಸುಳ್ಳು ಸಾಲು ಜೋಡಿಸಿದವಳು ನಾನು. ಇದನ್ನು ಜೋಡಿಸಿದವಳೂ ನಾನೇ. ಅಂಬಿಗನ ತಂಗಿ.' ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ ವಿಳಾಸ.

ಎಂಟುನೂರು ಚೀಟಿ. ಒಂದು ಡಬ್ಬಿ ಅಂಟು, ಒಂದು ಕುಂಚ, ಹೆಗಲಿಗೆ ಚೀಲ. ಮೊದಲು ವಾಚನಾಲಯದ ಮೂರು ಪ್ರತಿ. ಗ್ರಂಥಪಾಲಕಿ, "ಸರ್ಕಾರಿ ಆಸ್ತಿ, ಅಂಟಿಸೋ ಹಾಗಿಲ್ಲ," ಎಂದು ಶುರುಮಾಡಿ, ಚೀಟಿ ಓದಿ ಮುಗಿಸಿ, "ನಾನು ಊಟಕ್ಕೆ ಹೋಗ್ತಾ ಇದೀನಿ," ಎಂದು ಬಾಗಿಲು ತೆರೆದಿಟ್ಟೇ ಹೋದಳು. ಶಾಲೆಗಳಲ್ಲಿ ಕೆಲವರು ಒಪ್ಪಿದರು, ಕೆಲವರು ಗದರಿದರು. ಪುಸ್ತಕದಂಗಡಿಯವನು ಹೊರಗೆ ಹೋಗೆಂದ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಪುಸ್ತಕ ಕೊಂಡು ಹೊರಬಂದವರನ್ನೆಲ್ಲ, "ಒಂದು ನಿಮಿಷ, ಇನ್ನೂರ ಹನ್ನೆರಡನೇ ಪುಟ ತೆಗೀರಿ," ಎಂದು ತಡೆಯತೊಡಗಿದಳು. ನಾಲ್ಕನೇ ದಿನ ಅಂಗಡಿಯವನೇ ಸೋತು, "ಒಳಗೆ ಬಂದು ಎಲ್ಲಕ್ಕೂ ಹಚ್ಚಿ ಹೋಗಮ್ಮ ತಾಯಿ, ನನ್ನ ವ್ಯಾಪಾರ ಉಳಿಸು," ಅಂದ.

ಯಾರ ಮನೆಯಲ್ಲಿ ಪುಸ್ತಕ ಇದೆಯೆಂದು ಕೇಳಿಕೊಂಡು ಹೋಗುತ್ತ ಒಂದು ದಿನ ಹಳೆಯ ಓಣಿಯ ಮನೆಯೊಂದರ ಬಾಗಿಲು ಬಡಿದಳು. ಎಂಬತ್ತರ ಮುದುಕಿ ಹೊರಬಂದಳು. ಗೋಡೆಯ ಮೇಲೆ ಹತ್ತೊಂಬತ್ತರ ಹುಡುಗನ ಫೋಟೊ. ದೋಣಿಯಲ್ಲಿ ಸತ್ತ ಹನ್ನೊಂದು ಜನರಲ್ಲಿ ಒಬ್ಬ, ಈಕೆಯ ಮಗ. ಮೊಳೆಯಕ್ಕ ಯಾರೆಂದು ಗೊತ್ತಾಗುತ್ತಲೇ ಮುದುಕಿ ಕೋಲೆತ್ತಿದಳು.

"ನನ್ನ ಮಗನ್ನ ನುಂಗಿದವನ ತಂಗಿ ನೀನು! ಅವನ ಪರ ವಕಾಲತ್ತಿಗೆ ನನ್ನ ಹೊಸ್ತಿಲಿಗೇ ಬಂದೆಯಾ?"

"ಹೊಡೀರಿ. ಓದಿ ಆಮೇಲೆ ಹೊಡೀರಿ."

ಮುದುಕಿಗೆ ಕಣ್ಣು ಕಾಣದು. ಸೊಸೆ ಚೀಟಿ ಓದಿದಳು, ಆಮೇಲೆ ಮೊಹರಿನ ನಕಲನ್ನೂ. ವೈದ್ಯೆಯ ಮಾತು ಬಂದಲ್ಲಿ ಮುದುಕಿ, "ಇನ್ನೊಂದು ಸಲ," ಅಂದಳು. ತಳಹಲಗೆಯ ಮಾತು ಬಂದಲ್ಲೂ, "ಇನ್ನೊಂದು ಸಲ." ಕೋಲು ಕೆಳಗಿಳಿಯಿತು.

"ಮೂವತ್ತೆಂಟು ವರ್ಷ ನಾನು ದಿನಾ ಬೆಳಗ್ಗೆದ್ದು ನಿಮ್ಮಣ್ಣನಿಗೆ ಶಾಪ ಹಾಕಿದೀನಿ. ಅವನು ಹೇಗೆ ಸತ್ತ?"

"ಗೋಡೆ ಕಡೆ ತಿರುಗಿ."

"ಮತ್ತೆ ಆ ಗುತ್ತಿಗೆದಾರ? ಇದಾನಾ?"

"ಸುಖವಾಗಿ ಸತ್ತ. ವಾಚನಾಲಯಕ್ಕೆ ಅವನದೇ ಹೆಸರು."

"ಥೂ!" ಎಂದು ಮುದುಕಿ ಅಂಗಳಕ್ಕೆ ಉಗುಳಿದಳು. "ನನ್ನ ಶಾಪಾನೂ ತಪ್ಪು ವಿಳಾಸಕ್ಕೆ ಕಳಿಸಿಬಿಟ್ಟರಲ್ಲ ಪಾಪಿಗಳು!" ಸೊಸೆಯನ್ನು ಕರೆದು, "ಪುಸ್ತಕ ತಾ, ನಾನೇ ಅಂಟಿಸ್ತೀನಿ," ಅಂದಳು. ಕಣ್ಣು ಕಾಣದೆ ಸೊಟ್ಟಗೆ ಅಂಟಿಸಿದಳು. ಮೊಳೆಯಕ್ಕ ಸರಿಪಡಿಸಲಿಲ್ಲ.

ಪತ್ರಿಕೆಯ ವಕೀಲರಿಂದ ನೋಟಿಸು ಬಂತು. ಪುಸ್ತಕಗಳನ್ನು ವಿರೂಪಗೊಳಿಸುವುದನ್ನು ನಿಲ್ಲಿಸದಿದ್ದರೆ ಕ್ರಮ ಎಂದು. "ಹಾಕಿ ಕೇಸು. ಕೋರ್ಟಲ್ಲಾದ್ರೂ ಆ ವರದಿ ಗಟ್ಟಿಯಾಗಿ ಓದಿಸ್ತೀನಿ," ಎಂದು ಒಂದು ಕಾರ್ಡು ಬರೆದು ಹಾಕಿದಳು. ಮರುಮಾತು ಬರಲಿಲ್ಲ. ಮುಗಿಯುವ ಹೊತ್ತಿಗೆ ಆರುನೂರ ನಲವತ್ತು ಪ್ರತಿಗಳಿಗೆ ಚೀಟಿ ಬಿದ್ದಿತ್ತು.

ಮೂರು ವರ್ಷದ ಮೇಲೆ ಎರಡನೇ ಮುದ್ರಣ ಬಂತು. ಮೇಷ್ಟ್ರು ಮಾತು ಕೊಟ್ಟಿದ್ದರಲ್ಲ, ಮೊಳೆಯಕ್ಕ ಅಂಗಡಿಯಲ್ಲೇ ನಿಂತು ಪುಟ ತಿರುವಿದಳು. 'ಕುಡುಕ ಅಂಬಿಗ' ಇರಲಿಲ್ಲ. ದೋಣಿಯೂ ಇರಲಿಲ್ಲ. ಕಡವು, ಕೊಳೆತ ಹಲಗೆ, ಹನ್ನೊಂದು ಜನ, ಯಾವುದೂ ಇರಲಿಲ್ಲ. ಆ ಜಾಗದಲ್ಲಿ ಹೊಸ ಸೇತುವೆಯ ಬಣ್ಣದ ಚಿತ್ರ.

ಅವಳು ನೇರ ಮುದುಕಿಯ ಮನೆಗೆ ನಡೆದಳು. "ಸುಳ್ಳು ತೆಗೀರಿ ಅಂದ್ರೆ ಸತ್ತವರನ್ನೇ ತೆಗೆದುಬಿಟ್ಟರು," ಅಂದಳು. ಅಣ್ಣ ಹೋದ ದಿನವೂ ಅಳದವಳ ಕಣ್ಣಲ್ಲಿ ನೀರಿತ್ತು. ಅದು ದುಃಖದ್ದಲ್ಲ.

ಮುದುಕಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. "ಎಲ್ಲಿದೆ ನಿನ್ನ ಆ ಯಂತ್ರ?"

ಅದೇ ಮಧ್ಯಾಹ್ನ ಮಸಿಮಾವನ ಕೋಣೆಯಲ್ಲಿ ಮೊಳೆಯಕ್ಕ ಹನ್ನೊಂದು ಹೆಸರು ಜೋಡಿಸತೊಡಗಿದಳು. ಮೊದಲ ಹೆಸರನ್ನು ಮುದುಕಿಯೇ ಹೇಳಿದಳು, ಬಿಡಿಬಿಡಿಯಾಗಿ. "ಅವನ ಹೆಸರಲ್ಲಿ ಒಂದು ಒತ್ತು ಬರುತ್ತೆ. ಶಾಲೇಲಿ ಎಲ್ಲರೂ ಬಿಟ್ಟು ಬರೀತಿದ್ದರು. ನೀನು ಬಿಡಬೇಡ."

"ಇಲ್ಲಮ್ಮ," ಅಂದಳು ಮೊಳೆಯಕ್ಕ, ಕೆಳಗಿನ ಸಾಲಿನ ಗೂಡಿಗೆ ಕೈ ಹಾಕುತ್ತ.